ನೂರಕ್ಕೆ ಐವತ್ತೊಂಬತ್ತು

ಮಗುವನ್ನು ಪಾಠಶಾಲೆಗೆ ಸೇರಿಸಿಕೊಳ್ಳುವುದು ಒಂದು ಮಾತು; ಅಲ್ಲಿ ನಡೆಯುವ ಪಾಠ ಆ ಮಗುವಿಗೆ ಮುಟ್ಟುವುದು ಇನ್ನೊಂದು ಮಾತು. ಇವೆರಡರ ನಡುವಣ ದೂರವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಒಂದು ನ್ಯಾಯಸ್ಥಾನ ಒಮ್ಮೆ ಅಂಕಿಯಿಂದಲೇ ಅಳೆದದ್ದುಂಟು. ಆ ಅಂಕಿ ನೂರಕ್ಕೆ 59.

ಅಂಕಿಯ ವಿಚಾರಕ್ಕೆ ಬರುವ ಮೊದಲು ಬಾಗಿಲಿನ ಕಥೆಯನ್ನು ಹೇಳಬೇಕಾಗಿದೆ. ವಿಸ್ಕಾನ್ಸಿನ್ ಸಂಸ್ಥಾನದ ಆಂಟಿಗೊ ಎಂಬ ಊರಿನಲ್ಲಿ, ಹುಟ್ಟಿನಿಂದ ಅಂಗವೈಕಲ್ಯವಿದ್ದ ಒಬ್ಬ ಹುಡುಗನನ್ನು ಶಾಲೆಯಿಂದ ಹೊರಗಿಟ್ಟಿದ್ದರು. ಓದಿನಲ್ಲಿ ಅವನು ಉಳಿದವರಿಗೆ ಸರಿಸಮನಾಗಿಯೇ ಇದ್ದನು. ಆದರೆ ಅವನ ಮಾತು ತೊಡಕುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನೋಡಿದವರಿಗೆ ಹೇಸಿಕೆಯಾಗುವುದೆಂಬುದೇ ಅವನ ಮೇಲಣ ಆಕ್ಷೇಪಣೆ. 1919ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನವು ಶಾಲೆಯವರು ಮಾಡಿದ್ದೇ ಸರಿಯೆಂದಿತು. ನೋಡುವವರ ಕಣ್ಣಿನ ದೋಷಕ್ಕೆ ಹುಡುಗನು ದಂಡ ತೆರಬೇಕಾಯಿತು.

ಈ ಬಾಗಿಲು ಅಲುಗಲು ಇನ್ನೂ ಐವತ್ತು ವರುಷಗಳು ಹಿಡಿದವು. ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಏಳು ಮಕ್ಕಳ ಪರವಾಗಿ ಹೂಡಿದ ವ್ಯಾಜ್ಯದಲ್ಲಿ ಅಧಿಕಾರಿಗಳು ಹಣ ಸಾಲದೆಂಬ ಎಲ್ಲರೂ ಬಲ್ಲ ಉತ್ತರವನ್ನು ಕೊಟ್ಟರು. 1972ರಲ್ಲಿ ನ್ಯಾಯಾಧಿಪತಿ ಜೋಸೆಫ್ ವ್ಯಾಡಿಯವರು ಅದನ್ನು ಒಪ್ಪಲಿಲ್ಲ. ಹಣ ಕಡಿಮೆಯಾದರೆ ಇದ್ದುದನ್ನೇ ಎಲ್ಲರಿಗೂ ಹಂಚತಕ್ಕದ್ದು; ಕೊರತೆಯ ಹೊರೆಯನ್ನು ಊನವುಳ್ಳ ಮಕ್ಕಳ ತಲೆಯ ಮೇಲೆಯೇ ಹೆಚ್ಚಾಗಿ ಹೊರಿಸಕೂಡದು ಎಂಬುದು ಅವರ ತೀರ್ಪಿನ ತಾತ್ಪರ್ಯ. ಮನೆಯಲ್ಲಿ ಅಕ್ಕಿ ಕಡಿಮೆಯಾದ ದಿನ ಒಂದೇ ಮಗುವನ್ನು ಹಸಿದಿರಿಸುವ ತಾಯಿಯನ್ನು ಯಾರೂ ಕಂಡಿಲ್ಲ. ಸರ್ಕಾರಕ್ಕೆ ಇದನ್ನು ಹೇಳಿಕೊಡಲು ನ್ಯಾಯಸ್ಥಾನವೇ ಬೇಕಾಯಿತು.

1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡರು ಊನವುಳ್ಳ ಎಲ್ಲ ಮಕ್ಕಳ ಶಿಕ್ಷಣದ ಶಾಸನಕ್ಕೆ ಸಹಿ ಹಾಕಿದರು. ಇಂಥ ಮಕ್ಕಳು ದೇಶದಲ್ಲಿ 80 ಲಕ್ಷಕ್ಕೂ ಮೇಲ್ಪಟ್ಟು ಇರುವರೆಂದೂ, ಅವರಲ್ಲಿ 10 ಲಕ್ಷ ಮಂದಿ ಸಾರ್ವಜನಿಕ ಶಾಲೆಗಳಿಂದ ಸಂಪೂರ್ಣವಾಗಿ ಹೊರಗುಳಿದಿರುವರೆಂದೂ ಶಾಸನದ ಪೀಠಿಕೆಯೇ ಒಪ್ಪಿಕೊಂಡಿತ್ತು. ಪ್ರತಿಯೊಂದು ಮಗುವಿಗೂ ಉಚಿತವೂ ತಕ್ಕುದೂ ಆದ ಶಿಕ್ಷಣ ದೊರೆಯಬೇಕು. ಆ ಮಗುವಿಗೆಂದೇ ಒಂದು ಬರೆದ ಯೋಜನೆಯಿರಬೇಕು. ಅದನ್ನು ಸಿದ್ಧಪಡಿಸುವಾಗ ತಂದೆತಾಯಿಗಳೂ ಜೊತೆಗಿರಬೇಕು ಎಂದು ವಿಧಿಸಿತು. ಸಹಿ ಹಾಕುವಾಗಲೇ ಫೋರ್ಡರು, ಕೇಂದ್ರ ಸರ್ಕಾರವು ಕೊಡಲಾರದಷ್ಟನ್ನು ಇದು ವಾಗ್ದಾನ ಮಾಡುತ್ತಿದೆಯೆಂದು ಗೊಣಗಿದರು. ‘ತಕ್ಕ’ ಶಿಕ್ಷಣವೆಂದರೆ ಎಷ್ಟು? ತೊಡಕೆಲ್ಲ ಈ ಒಂದು ಮಾತಿನಲ್ಲಿ ಅಡಗಿತ್ತು.

ನ್ಯೂಯಾರ್ಕ್ ಸಂಸ್ಥಾನದ ಪೀಕ್‌ಸ್ಕಿಲ್ ಕಡೆಯ ಶಾಲೆಯೊಂದರಲ್ಲಿ ಆಮಿ ರೌಲಿ ಎಂಬ ಹುಡುಗಿಯಿದ್ದಳು. ಅವಳಿಗೆ ಕಿವಿ ಕೇಳದು, ತಂದೆತಾಯಿಗಳಿಗೂ ಕೇಳದು. ಶಾಲೆಯವರು ಕಲ್ಲೆದೆಯವರೇನೂ ಅಲ್ಲ. ಅಧಿಕಾರಿಗಳಲ್ಲಿ ಕೆಲವರು ಸ್ವಲ್ಪ ಕೈಸನ್ನೆಯನ್ನು ಕಲಿತರು. ತಂದೆತಾಯಿಗಳೊಡನೆ ಮಾತನಾಡಲು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಟೆಲಿಟೈಪ್ ಯಂತ್ರವನ್ನು ಇಡಿಸಿದರು. ಹುಡುಗಿಗೆ ಶ್ರವಣಯಂತ್ರವನ್ನು ಕೊಟ್ಟು, ದಿನಕ್ಕೊಂದು ಗಂಟೆ ಬೇರೆ ಪಾಠವನ್ನೂ ಗೊತ್ತುಮಾಡಿದರು. ತಂದೆತಾಯಿಗಳು ಕೇಳಿದುದು ತರಗತಿಯಲ್ಲಿ ಕೈಸನ್ನೆಯ ದುಭಾಷಿಯನ್ನು. ಅದನ್ನು ಮಾತ್ರ ಕೊಡಲಿಲ್ಲ.

ಆಮಿ ತುಟಿಯನ್ನು ನೋಡಿ ಮಾತನ್ನು ಗ್ರಹಿಸುವುದರಲ್ಲಿ ಜಾಣೆ. ಆದರೆ ತುಟಿ ಎಲ್ಲವನ್ನೂ ಹೇಳುವುದಿಲ್ಲ. ಕನ್ನಡದಲ್ಲಿಯೇ ‘ಬರೆ’ ಎಂದು ಒಮ್ಮೆ, ‘ಮರೆ’ ಎಂದು ಒಮ್ಮೆ ಕನ್ನಡಿಯ ಮುಂದೆ ಸದ್ದಿಲ್ಲದೆ ಹೇಳಿ ನೋಡಿದರೆ ಓದುಗರಿಗೆ ಇದು ತಿಳಿದೀತು. ಉಪಾಧ್ಯಾಯರು ಯಾವುದನ್ನು ಹೇಳಿದರೆಂದು ಮಗು ಊಹಿಸಬೇಕು! ತರಗತಿಯ ಮಾತಿನಲ್ಲಿ ಅವಳಿಗೆ ನೂರಕ್ಕೆ 59 ಮಾತ್ರ ತಿಳಿಯುತ್ತದೆಂದೂ, ಕೈಸನ್ನೆಯಿದ್ದರೆ ಎಲ್ಲವೂ ತಿಳಿಯುತ್ತದೆಂದೂ ಕೆಳಗಿನ ನ್ಯಾಯಸ್ಥಾನದಲ್ಲಿ ಸ್ಥಾಪಿತವಾಯಿತು. ಬಿದ್ದುಹೋದ 41 ಯಾವುವೆಂಬುದು ಅವಳಿಗೇ ತಿಳಿಯದು. ಅಲ್ಲಿಯೂ ಅದರ ಮೇಲಣ ನ್ಯಾಯಸ್ಥಾನದಲ್ಲಿಯೂ ತಂದೆತಾಯಿಗಳೇ ಗೆದ್ದರು. ಶಾಲೆಯವರು ಸುಪ್ರೀಂ ಕೋರ್ಟಿಗೆ ಹೋದರು.

1982ರ ಮಾರ್ಚ್ ತಿಂಗಳಲ್ಲಿ ಅಲ್ಲಿ ವಾದ ನಡೆಯಿತು. ಹುಡುಗಿಯ ಪರವಾಗಿ ನಿಂತ ವಕೀಲರು ಮೈಕೆಲ್ ಚಾಟಾಫ್. ಅವರಿಗೂ ಕಿವಿ ಕೇಳುತ್ತಿರಲಿಲ್ಲ. ಕಿವಿ ಕೇಳದ ವಕೀಲರೊಬ್ಬರು ಆ ಪೀಠದ ಮುಂದೆ ವಾದಿಸಿದುದು ಅದೇ ಮೊದಲು. ನ್ಯಾಯಾಧಿಪತಿಗಳು ಕೇಳಿದ ಪ್ರಶ್ನೆಗಳು ಕೂಡಲೇ ಅಕ್ಷರರೂಪವಾಗಿ ಅವರ ಮುಂದಣ ಪರದೆಯ ಮೇಲೆ ಮೂಡುವಂತೆ ಏರ್ಪಾಡಾಗಿತ್ತು. ಅದಕ್ಕೆ ಕೋರ್ಟು ವಿಶೇಷ ಅನುಮತಿಯಿತ್ತಿತ್ತು. ನೂರಕ್ಕೆ 59 ಪ್ರಶ್ನೆಗಳು ತಿಳಿದರೆ ವಕೀಲರಿಗೆ ಸಾಕೆಂದು ಅಲ್ಲಿ ಯಾರೂ ಅನ್ನಲಿಲ್ಲ.

ಜೂನ್ 28ರಂದು ತೀರ್ಪು ಹೊರಬಿದ್ದಿತು. ಆರು ಮಂದಿ ಶಾಲೆಯ ಪಕ್ಷ, ಮೂವರು ಹುಡುಗಿಯ ಪಕ್ಷ. ನ್ಯಾಯಮೂರ್ತಿ ರೆಂಕ್ವಿಸ್ಟ್ ಬರೆದ ತೀರ್ಪಿನ ಸಾರವಿಷ್ಟು: ಶಾಸನದ ಉದ್ದೇಶವು ಬಾಗಿಲನ್ನು ತೆರೆಯುವುದೇ ಹೊರತು, ಒಳಗೆ ಬಂದ ಮೇಲೆ ಇಷ್ಟೇ ಮಟ್ಟದ ವಿದ್ಯೆಯನ್ನು ಕೊಡುವೆನೆಂಬ ಜಾಮೀನಲ್ಲ, ಮಗುವಿಗೆ ಒಂದಿಷ್ಟು ಪ್ರಯೋಜನವಾದರಾಯಿತು. ಆಮಿ ತರಗತಿಯ ಸಾಮಾನ್ಯ ಮಕ್ಕಳಿಗಿಂತ ಮುಂದಿದ್ದಾಳೆ, ತರಗತಿಯಿಂದ ತರಗತಿಗೆ ಸುಲಭವಾಗಿ ಏರುತ್ತಿದ್ದಾಳೆ, ಇನ್ನೇನು ಬೇಕು? ಈ ತರ್ಕದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಯಾವ ಶಾಸನವೂ ಎಲ್ಲ ಮಕ್ಕಳನ್ನೂ ಅವರವರ ಶಕ್ತಿಯ ತುತ್ತತುದಿಗೆ ಒಯ್ಯಲಾರದು. ಆದರೂ ಅರೆಹೊಟ್ಟೆಯಲ್ಲಿಯೇ ಚೆನ್ನಾಗಿ ದುಡಿಯುವ ಆಳಿಗೆ ಇನ್ನೊಂದು ತುತ್ತು ಬೇಡವೆಂದಂತೆ ಇದು ಕೇಳುತ್ತದೆ. ಭಿನ್ನಾಭಿಪ್ರಾಯ ಬರೆದ ನ್ಯಾಯಮೂರ್ತಿ ವೈಟ್, ಹಾಗಾದರೆ ಗಟ್ಟಿ ಧ್ವನಿಯ ಉಪಾಧ್ಯಾಯರೊಬ್ಬರನ್ನು ಕೊಟ್ಟರೂ ಸಾಕೆಂದಾಗುವುದಲ್ಲವೆ ಎಂಬರ್ಥದ ಮಾತನ್ನಾಡಿದರು.

‘ಒಂದಿಷ್ಟು’ ಎಂಬುದು ಕ್ರಮೇಣ ಕೆಲವು ನ್ಯಾಯಸ್ಥಾನಗಳಲ್ಲಿ ‘ಇಲ್ಲವೆನ್ನಲಾಗದಷ್ಟು’ ಎಂಬಲ್ಲಿಗೆ ಇಳಿಯಿತು. ಕೊಲರಾಡೊ ಸಂಸ್ಥಾನದ ಆಟಿಸಂ ಇದ್ದ ಹುಡುಗನೊಬ್ಬನ ವ್ಯಾಜ್ಯದಲ್ಲಿ, 2017ರ ಮಾರ್ಚ್ 22ರಂದು, ಸುಪ್ರೀಂ ಕೋರ್ಟಿನ ಎಂಟು ಮಂದಿಯೂ ಒಮ್ಮತದಿಂದ ಅಷ್ಟು ಸಾಲದೆಂದರು. ಮಗುವಿನ ಸ್ಥಿತಿಗತಿಗಳಿಗೆ ತಕ್ಕ ಪ್ರಗತಿಯಾಗುವಂತೆ ಯೋಜನೆಯಿರಬೇಕೆಂದು ವಿಧಿಸಿದರು. ಉಳಿದ ಮಕ್ಕಳಿಗೆ ಸಮನಾದ ಅವಕಾಶವಿರಬೇಕೆಂಬ ಅಳತೆಗೋಲನ್ನು ಮಾತ್ರ ಆಗಲೂ ಕೈಗೆತ್ತಿಕೊಳ್ಳಲಿಲ್ಲ. 1982ರ ತೀರ್ಪನ್ನು ಅಳಿಸಲೂ ಇಲ್ಲ.

ರೌಲಿ ಕುಟುಂಬವು ವ್ಯಾಜ್ಯವನ್ನು ಸೋತ ಬಳಿಕ ಊರು ಬಿಟ್ಟು ನ್ಯೂಜೆರ್ಸಿ ಸಂಸ್ಥಾನಕ್ಕೆ ಹೋಯಿತು. ಅಲ್ಲಿನ ಶಾಲೆಯಲ್ಲಿ ಆಮಿಗೆ ದುಭಾಷಿ ದೊರೆತರು. ಮುಂದೆ ಆಕೆ ಡಾಕ್ಟರೇಟ್ ಪಡೆದು, ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾನಿಲಯವೊಂದರಲ್ಲಿ ಪ್ರಾಧ್ಯಾಪಕಿಯಾದರು. ಬೋಧಿಸಿದ ವಿಷಯ, ಕೈಸನ್ನೆಯ ಭಾಷೆ.