ಗುಲ್ಮಾರ್ಗದ ಹಿಮದಲ್ಲಿ: ಸ್ಕೀಯೋ, ಸ್ಲೆಡ್ಜೋ?

ಶ್ರೀನಗರದಿಂದ ಸುಮಾರು 50 ಕಿಲೋಮೀಟರು ದೂರದ ಗುಲ್ಮಾರ್ಗಕ್ಕೆ ನಾವು ಮಗಳು, ಅಳಿಯ, ಮೊಮ್ಮಕ್ಕಳೊಡನೆ ಹೋದದ್ದು 2023ರ ಫೆಬ್ರುವರಿಯಲ್ಲಿ. ತಂಗಮಾರ್ಗದಲ್ಲಿ ಗಾಡಿಯ ಗಾಲಿಗಳಿಗೆ ಸರಪಳಿ ಬಿಗಿದ ಮೇಲೆಯೇ ಮುಂದಿನ ಏರು ಸಾಧ್ಯವಾಯಿತು. 2,650 ಮೀಟರು ಎತ್ತರದ, ಬಟ್ಟಲಿನಂಥ ಆ ಬಯಲಿಗೆ ಹಿಂದೆ ಗೌರೀಮಾರ್ಗವೆಂಬ ಹೆಸರಿತ್ತೆಂದು ಹೇಳುತ್ತಾರೆ. ನಡುವಣ ದಿಬ್ಬದ ಮೇಲೆ 1915ರಲ್ಲಿ ಕಟ್ಟಿಸಿದ ಶಿವದೇಗುಲವನ್ನು ನಾವು ಕಣ್ತುಂಬ ಕಂಡೆವು. 2024ರ ಜೂನ್‌ನಲ್ಲಿ ಅದು ಬೆಂಕಿಗೆ ತುತ್ತಾದ ಸುದ್ದಿ ತಿಳಿದಾಗ ಮನಸ್ಸಿಗೆ ಬಹಳ ಸಂಕಟವಾಯಿತು.

ಇರಲಿ, ಇಲ್ಲಿ ಹೇಳಹೊರಟಿರುವುದು ಮೊಮ್ಮಕ್ಕಳ ಜಗಳದ ಸಂಗತಿ. ಏಳು ವರ್ಷದ ಮೊಮ್ಮಗಳಿಗೆ ಸ್ಲೆಡ್ಜ್ ಬೇಕು. ಹನ್ನೆರಡರ ಮೊಮ್ಮಗನದು ಒಂದೇ ಹಟ: “ಅಜ್ಜಾ, ಸ್ಲೆಡ್ಜ್ ಸಣ್ಣ ಹುಡುಗ್ರದು. ನಾ ಸ್ಕೀ ಕಲೀತೀನಿ.” ಅವನ ತಾಯಿಗೆ ಭಯ. ಅದೇ ತಿಂಗಳ ಮೊದಲ ದಿನ ಮೇಲಿನ ಅಫರ್ವಾತ್ ಪರ್ವತದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಗಾರರು ಮೃತಪಟ್ಟಿದ್ದರು. ಆ ಎತ್ತರದ ಕಡಿದಾದ ಇಳಿಜಾರೇ ಬೇರೆ, ಕಲಿಯುವವರ ಕೆಳಗಿನ ಬಯಲೇ ಬೇರೆ ಎಂದು ಅವಳಿಗೆ ಮನಗಾಣಿಸುವಷ್ಟರಲ್ಲಿ ಒಂದು ಬೆಳಗು ಕಳೆಯಿತು.

ಸ್ಕೀಗೆ ಮೊದಲು ಬೇಕಾದದ್ದು ತಾಳ್ಮೆ. ಕಣಕಾಲನ್ನು ಬಿಗಿಹಿಡಿಯುವ ಗಟ್ಟಿ ಬೂಟು ತೊಟ್ಟು ನಾಲ್ಕು ಹೆಜ್ಜೆ ನಡೆಯುವುದೇ ಪ್ರಯಾಸ. ಕಲಿಸುವಾತ ಮೊದಲು ಹೇಳಿಕೊಟ್ಟದ್ದು ಓಡುವುದನ್ನಲ್ಲ, ನಿಲ್ಲುವುದನ್ನು: ಪಟ್ಟಿಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚಿನಿಂದ ಹಿಮವನ್ನು ಒತ್ತಬೇಕು. ಹುಡುಗ ಮೊದಲ ದಿನವೆಲ್ಲ ಬಿದ್ದ. ಮೂರನೆಯ ದಿನ ಐವತ್ತು ಹೆಜ್ಜೆಯಷ್ಟು ನೇರ ನಿಂತು ಜಾರಿದ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ಈ ಸೀಮೆಯವರೇ ಎಂದು ಕೇಳಿದ ಮೇಲಂತೂ ಅವನನ್ನು ಹಿಡಿಯುವವರಿಲ್ಲ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರೂ ಸ್ಕೀಯಲ್ಲಿ ಹೆಸರು ಗಳಿಸಿದ್ದಾರೆಂದು ನಾವು ಸೇರಿಸಿದೆವು.

ಹಾಗೆಂದು ಸ್ಲೆಡ್ಜನ್ನು ಮಕ್ಕಳಾಟವೆಂದು ಹಳಿಯುವಂತಿಲ್ಲ. ಮನಾಲಿಯ ಬಳಿ ಬೆಳೆದ ಶಿವ ಕೇಶವನ್, ಕಾಲು ಮುಂದೆ ಮಾಡಿ ಅಂಗಾತ ಮಲಗಿ ಜಾರುವ ಲ್ಯೂಜ್ ಆಟದಲ್ಲಿ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಕಂಡವರು. ಗಾಲಿ ಹಚ್ಚಿದ ಸ್ಲೆಡ್ಜಿನ ಮೇಲೆ ಹಿಮಾಲಯದ ಡಾಂಬರು ರಸ್ತೆಗಳಲ್ಲಿಯೇ ಅವರು ಅಭ್ಯಾಸ ನಡೆಸಿದರು.

ಗುಲ್ಮಾರ್ಗದ ಸ್ಲೆಡ್ಜ್ ಮಾತ್ರ ಒಂದು ಪುಟ್ಟ ಮರದ ಹಲಗೆ, ಅದಕ್ಕೊಂದು ಹಗ್ಗ. ಕಲಿಯುವುದು ಏನೂ ಇಲ್ಲ. ಒಬ್ಬಾತ ಹಗ್ಗ ಹಿಡಿದು ನಮ್ಮನ್ನು ದಿಣ್ಣೆಯ ಮೇಲಕ್ಕೆ ಎಳೆದೊಯ್ಯುತ್ತಾನೆ. ಇಳಿಯುವಾಗ ಮುಂದೆ ಕುಳಿತು ಹಿಮ್ಮಡಿಗಳನ್ನು ಊರಿ ವೇಗ ತಡೆಯುತ್ತಾನೆ. ನಮಗೆ ಕಷ್ಟವಾದದ್ದು ಇಲ್ಲಿಯೇ. ನಾವು ಕುಳಿತು, ಇನ್ನೊಬ್ಬನ ಹೆಗಲಿಂದ ಎಳೆಸಿಕೊಳ್ಳುವುದೆಂತು? ಬಾಡಿಗೆಯನ್ನು ಪೂರ್ತಿ ಕೊಡುತ್ತೇವೆ, ಮಗು ಕೂರಲಿ, ನಾವು ನಡೆಯುತ್ತೇವೆ ಎಂದೆವು. ನಡುವಯಸ್ಸಿನ ಆತ ನಕ್ಕು ಹಿಂದಿಯಲ್ಲಿ ಹೇಳಿದ: “ನೀವು ನಡೆದರೆ ನನಗೆ ಹಣ ಯಾವುದಕ್ಕೆ? ದಾನ ಕೊಡುತ್ತೀರೇನು?” ಆತನಿಗೆ ಚಳಿಗಾಲದ ಗಳಿಕೆಯೆಂದರೆ ಆ ಹಗ್ಗವೊಂದೇ. ಶಾಸ್ತ್ರಗ್ರಂಥಗಳ ನಡುವೆ ನಲವತ್ತು ವರ್ಷ ಕಳೆದ ನಮ್ಮ ಬಾಯಲ್ಲಿ ಉತ್ತರ ಹೊರಡಲಿಲ್ಲ.

ಆದರೂ ಹಟದಿಂದ ಅರ್ಧ ದಿಣ್ಣೆ ಏರಿದೆವು. ಆ ಎತ್ತರದ ತೆಳು ಗಾಳಿಗೆ ಉಸಿರು ಕಟ್ಟಿತು. ಆತ ಮಾತಾಡದೆ ಹಲಗೆಯ ಮೇಲಿನ ಹಿಮವನ್ನು ಕೈಯಿಂದ ಒರೆಸಿದ. ನಾವು ಕುಳಿತೆವು.

ಒಂದೇ ದಿನ ಇರುವವರು, ವಯಸ್ಸಾದವರು, ಎಳೆಯ ಮಕ್ಕಳು ಸ್ಲೆಡ್ಜನ್ನೇ ಆರಿಸುವುದು ಲೇಸು. ವಾರ ನಿಲ್ಲಬಲ್ಲ ಹರೆಯದವರು ಸ್ಕೀ ಕಲಿಯಲಿ. ನಾವಂತೂ ಮೊಮ್ಮಗಳನ್ನು ತಬ್ಬಿ, ಕಣ್ಣು ಮುಚ್ಚಿ, ಒಂದು ನಿಮಿಷದೊಳಗೆ ಕೆಳಗೆ ಬಂದೆವು. ಬೆನ್ನೆಲ್ಲ ಹಿಮ ಮೆತ್ತಿಕೊಂಡು ನಿಂತಿದ್ದ ಮೊಮ್ಮಗ ನಮ್ಮ ಒಣ ಶಾಲನ್ನು ನೋಡಿ ಕೇಳಿದ: “ಅಜ್ಜಾ, ನೀವು ಒಮ್ಮೆನೂ ಬೀಳಲಿಲ್ಲೇನ್ರಿ?”