ಹಾವೇರಿ ಸೀಮೆಯ ಪಂಕ್ತಿಯಲ್ಲಿ ಹಿಡಿ ಪ್ರಸಾದ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಊರುಗಳು ಒಂದಾದ ಮೇಲೊಂದು ಬರುತ್ತವೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿಯು ಸ್ವತಂತ್ರ ಜಿಲ್ಲೆಯಾಯಿತು. ಏಲಕ್ಕಿಯ ಮಾಲೆ, ಮೆಣಸಿನಕಾಯಿ, ಜೋಳ, ಹತ್ತಿ ಇವುಗಳಿಂದ ಹೆಸರಾದ ಈ ಸೀಮೆಯು ಶರಣರ, ದಾಸರ, ಮಠಮಾನ್ಯಗಳ ನೆಲೆಯೂ ಹೌದು. ಬಾಗಿಲಿಗೆ ಬಂದವರನ್ನು ಹಸಿದು ಕಳುಹಿಸುವ ವಾಡಿಕೆ ಇಲ್ಲಿಲ್ಲ.

ಈ ಸೀಮೆಯಲ್ಲಿ ನಾವು ಹಲವು ಬಾರಿ ಸಂಚರಿಸಿದ್ದೇವೆ. ಈ ಸಲದ ಮೂರು ದಿನಗಳ ಪ್ರವಾಸದಲ್ಲಿ ನಮ್ಮೊಡನೆ ಬಂಧುವರ್ಗದ ಒಬ್ಬ ತಾಯಿಯವರಿದ್ದರು. ಅತಿಯಾದ ಸ್ಥೂಲಕಾಯ ಹಾಗೂ ಸಕ್ಕರೆ ಕಾಯಿಲೆಯಿಂದ ಬಳಲಿದ ಅವರು ಎರಡು ವರ್ಷಗಳ ಹಿಂದೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದವರು. ಅವರ ಪಕ್ಕದಲ್ಲಿ ಪಂಕ್ತಿಗೆ ಕುಳಿತಾಗ ಕಂಡುದನ್ನು, ಅವರ ಒಪ್ಪಿಗೆಯನ್ನು ಪಡೆದು, ನಮ್ಮ ಮನೆಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಚಿಕಿತ್ಸೆಯ ಬಗೆಗೆ ಎರಡು ಮಾತು. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು ಜಠರದ ಬೈಪಾಸ್ ವಿಧಾನವನ್ನು ಆರಂಭಿಸಿದರು. ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಉಳಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುವುದು ಇದರ ರೀತಿ. ಸ್ಲೀವ್ ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದು ಉಳಿದುದನ್ನು ನೀಳವಾದ ಕೊಳವೆಯಂತೆ ಮಾಡುತ್ತಾರೆ. ರಾಜಕಾರಣಿಗಳಾದ ನಿತಿನ್ ಗಡ್ಕರಿಯವರು 2011ರಲ್ಲಿಯೂ ದಿವಂಗತ ಅರುಣ್ ಜೇಟ್ಲಿಯವರು 2014ರಲ್ಲಿಯೂ ಇಂಥ ಚಿಕಿತ್ಸೆಗೆ ಒಳಗಾದ ಮೇಲೆ ಇದು ನಮ್ಮ ದೇಶದ ಜನಸಾಮಾನ್ಯರಿಗೂ ತಿಳಿದ ಸಂಗತಿಯಾಯಿತು. ಅಂದಕ್ಕಾಗಿ ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಸಿಕೊಳ್ಳುವುದು ಬೇರೆ, ಇದು ಬೇರೆ. ರೋಗವನ್ನು ಹತೋಟಿಗೆ ತರಲು ವೈದ್ಯರು ಅಳೆದು ತೂಗಿ ಸೂಚಿಸುವ ಚಿಕಿತ್ಸೆ ಇದು. ನಮ್ಮ ತಾಯಿಯವರಿಗೆ ಆದದ್ದು ಬೈಪಾಸ್.

ಶಸ್ತ್ರಕ್ರಿಯೆ ದೊಡ್ಡ ನಗರದ ಆಸ್ಪತ್ರೆಯಲ್ಲಿ ಕೆಲವು ತಾಸುಗಳಲ್ಲಿ ಮುಗಿಯುತ್ತದೆ. ಅದರ ಮುಂದಿನ ಬಾಳು ಮಾತ್ರ ಊರಿನಲ್ಲಿ, ಅಡುಗೆಮನೆಯಲ್ಲಿ, ಜಾತ್ರೆ ಮದುವೆಗಳ ಪಂಕ್ತಿಯಲ್ಲಿ ಸಾಗಬೇಕು.

ಹಾವೇರಿಯಲ್ಲಿ ನಾವು ಮೊದಲು ಪುರಸಿದ್ಧೇಶ್ವರನ ದರ್ಶನ ಪಡೆದೆವು. ಚಾಲುಕ್ಯರ ಕಾಲದ ಈ ಗುಡಿಯು ರೂಢಿಗೆ ಭಿನ್ನವಾಗಿ ಪಶ್ಚಿಮಾಭಿಮುಖವಾಗಿದೆ. ಹುಕ್ಕೇರಿಮಠಕ್ಕೆ ಹೋಗಿ ಶರಣೆಂದು, ಪೇಟೆಯಲ್ಲಿ ಏಲಕ್ಕಿಯ ಮಾಲೆಯೊಂದನ್ನು ಕೊಂಡು, ಮಧ್ಯಾಹ್ನಕ್ಕೆ ಬಂಧುಗಳ ಹೊಸ ಮನೆಯ ಗುರುಪ್ರವೇಶಕ್ಕೆ ತಲುಪಿದೆವು. ಎಲೆಯ ತುಂಬ ಹೋಳಿಗೆ ತುಪ್ಪ, ಕೋಸಂಬರಿ, ಬದನೆಕಾಯಿ ಪಲ್ಯ, ಅನ್ನ, ಕಟ್ಟಿನ ಸಾರು. ತಾಯಿಯವರು ಕೈ ಅಡ್ಡ ಹಿಡಿದರೂ ಬಡಿಸುವ ಹಿರಿಯರು ಬಿಡಲಿಲ್ಲ.

“ಒಂದ ಹೋಳಿಗಿ ತಗೋರಿ ಅಕ್ಕಾರ, ಸಂಕೋಚ ಮಾಡಬ್ಯಾಡ್ರಿ. ಪ್ರಸಾದಕ್ಕ ಒಲ್ಲೆ ಅನಬಾರದು.”

“ಒಂದ ತುತ್ತ ಸಾಕ್ರಿ ಅಣ್ಣಾರ, ನನಗ ಆಗೂದಿಲ್ರಿ,” ಎಂದರು ತಾಯಿಯವರು. ಹೋಳಿಗೆ ಅಷ್ಟರಲ್ಲಿ ಎಲೆಗೆ ಬಿದ್ದಿತ್ತು.

ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂದು ಚಿಕ್ಕಂದಿನಿಂದ ಕಲಿತವರು ಅವರು. ಅರ್ಧ ಹೋಳಿಗೆಯನ್ನು ಹೇಗೋ ನುಂಗಿದರು. ಕಾಲು ತಾಸಿನಲ್ಲಿ ಮೈ ಬೆವರಿ, ಎದೆ ಹೊಡೆದುಕೊಂಡು, ತಲೆ ತಿರುಗಿ, ಒಳಕೋಣೆಯಲ್ಲಿ ಒಂದು ತಾಸು ಮಲಗಬೇಕಾಯಿತು. ಸಿಹಿಯು ಪುಟ್ಟ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿಯುವುದರಿಂದ ಹೀಗಾಗುತ್ತದೆ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಹೊರಗೆ ಪಡಸಾಲೆಯಲ್ಲಿ ಕುಳಿತವರಾರಿಗೂ ಇದು ತಿಳಿಯಲಿಲ್ಲ. “ಪಟ್ಟಣದಾಗ ಇದ್ದವರಿಗೆ ನಮ್ಮ ಊಟ ಸೇರೂದಿಲ್ಲ” ಎಂಬ ಮಾತೊಂದು ಮಾತ್ರ ನಮ್ಮ ಕಿವಿಗೆ ಬಿತ್ತು.

ಇಲ್ಲಿ ವಿಚಾರಿಸಬೇಕಾದ ಒಂದು ಧರ್ಮಸೂಕ್ಷ್ಮವಿದೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಲಿಂಗಕ್ಕೆ ಅರ್ಪಿತವಾದುದು ಪ್ರಸಾದವಾಗುತ್ತದೆಯೇ ಹೊರತು ಎಲೆ ತುಂಬಿದುದರಿಂದ ಅಲ್ಲ. ಹಿಡಿಯಷ್ಟಾದರೂ ಅದು ಪೂರ್ಣ ಪ್ರಸಾದವೇ. ಕೆಡಿಸಬಾರದೆಂಬ ನಿಯಮವು ಉಣ್ಣುವವರಿಗೆ ಎಷ್ಟು ಸಲ್ಲುವುದೋ ಬಡಿಸುವವರಿಗೂ ಅಷ್ಟೇ ಸಲ್ಲಬೇಕು. ಬೇಡವೆಂದವರ ಎಲೆಗೆ ಬಲವಂತದಿಂದ ಹಾಕಿದ ಹೋಳಿಗೆ ಕೆಟ್ಟರೆ ಆ ಲೋಪ ಯಾರದು?

ಮರುದಿನ ಹೆದ್ದಾರಿ ಹಿಡಿದು ಮೋಟೆಬೆನ್ನೂರಿಗೆ ಬಂದೆವು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಮೈಲಾರ ಮಹಾದೇವಪ್ಪನವರ ಊರಿದು. ಅಲ್ಲಿಂದ ಬ್ಯಾಡಗಿ ಸಮೀಪ. ಊರು ಇನ್ನೂ ದೂರವಿರುವಾಗಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಬರುತ್ತದೆ. ಮಾರುಕಟ್ಟೆಯಲ್ಲಿ ಕೆಂಪು ರಾಶಿಗಳ ನಡುವೆ ಸೆರಗನ್ನು ಮೂಗಿಗೆ ಹಿಡಿದೇ ನಡೆಯಬೇಕು. ಡಬ್ಬಿ, ಕಡ್ಡಿ ಎಂದು ಕಾಯಿಯಲ್ಲಿ ಎರಡು ಬಗೆ. ಬಣ್ಣ ಗಾಢ, ಖಾರ ಕಡಿಮೆ. ಈ ಬಣ್ಣಕ್ಕಾಗಿಯೇ ಇದರಿಂದ ಓಲಿಯೋರೆಸಿನ್ ತೆಗೆಯುತ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ನಾವು ಇಳಿದುಕೊಂಡ ಮನೆಯ ಯಜಮಾನಿಯವರು ತಾಯಿಯವರ ಸ್ಥಿತಿಯನ್ನು ಮೊದಲೇ ಕೇಳಿ ತಿಳಿದಿದ್ದರು. ಚಿಕ್ಕ ತಟ್ಟೆಯಲ್ಲಿ ಮಡಿಕೆಕಾಳಿನ ಪಲ್ಯ, ಗಟ್ಟಿ ಮೊಸರು, ಬೇಳೆಯಲ್ಲಿ ನೆನೆಸಿ ಮೆತ್ತಗಾದ ಅರ್ಧ ರೊಟ್ಟಿ. ಕೆಂಪಿಂಡಿಯನ್ನು ಪಕ್ಕಕ್ಕೆ ಇಟ್ಟು, “ಬೇಕಾದರ ಬೆರಳಿಗೆ ಹಚ್ಚಿಕೊಳ್ರಿ ಅಕ್ಕಾರ” ಎಂದು ಸುಮ್ಮನಾದರು. ತಾಯಿಯವರು ಮೊದಲು ಕಾಳು ಮೊಸರನ್ನು, ಆಮೇಲೆ ರೊಟ್ಟಿಯನ್ನು, ಒಂದೊಂದು ತುತ್ತನ್ನೂ ನುಣ್ಣಗೆ ಅಗಿದು, ಅರ್ಧ ತಾಸಿನಲ್ಲಿ ಊಟ ಮುಗಿಸಿದರು. ಊಟದೊಡನೆ ನೀರು ಕುಡಿಯಲಿಲ್ಲ. ಅರ್ಧ ತಾಸಿನ ನಂತರವೇ ಗುಟುಕು ಗುಟುಕಾಗಿ ಕುಡಿಯಬೇಕೆಂದು ಅವರಿಗೆ ವೈದ್ಯರ ಕಟ್ಟಪ್ಪಣೆ.

ಸಸ್ಯಾಹಾರಿಗಳಾದ ನಮ್ಮ ಮನೆತನಗಳಿಗೆ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ದೇಹಕ್ಕೆ ಸೇರಬೇಕೆಂಬುದು ಸಾಮಾನ್ಯ ಸೂಚನೆ. ಹೊಟ್ಟೆಗೆ ಹಿಡಿಸುವುದು ಮಾತ್ರ ಕೆಲವೇ ತುತ್ತು. ಆದುದರಿಂದ ಕಾಳು, ಬೇಳೆ, ಮೊಸರು, ಪನೀರುಗಳಿಗೆ ಅಗ್ರಸ್ಥಾನ, ಅನ್ನಕ್ಕೆ ಕೊನೆಯ ಸ್ಥಾನ. ಬಿ-12 ಜೀವಸತ್ವವು ನಮಗೆ ಹಾಲು ಮೊಸರಿನಿಂದಷ್ಟೇ ದೊರೆಯುವಂಥದು. ಬೈಪಾಸ್ ಆದವರ ದೇಹವು ಅದನ್ನೂ ಸರಿಯಾಗಿ ಹೀರಿಕೊಳ್ಳಲಾರದು. ಬಿ-12, ಕಬ್ಬಿಣ, ಸುಣ್ಣದ ಅಂಶ, ಡಿ ಜೀವಸತ್ವ ಇವನ್ನು ವೈದ್ಯರ ಸಲಹೆಯಂತೆ ಬಾಳಿನುದ್ದಕ್ಕೂ ಸೇವಿಸಬೇಕು. ಕಬ್ಬಿಣದ ಮಾತ್ರೆಗೂ ಸುಣ್ಣದ ಮಾತ್ರೆಗೂ ಎರಡು ತಾಸಿನ ಅಂತರವಿರಬೇಕು. ನಮ್ಮ ತಾಯಿಯವರು ಬೆಳಗಿನ ಇಷ್ಟಲಿಂಗಪೂಜೆ ಮುಗಿದೊಡನೆ ಮೊದಲ ಮಾತ್ರೆ ನುಂಗುವುದನ್ನು ನೇಮವಾಗಿಸಿಕೊಂಡಿದ್ದಾರೆ. ಪೂಜೆ ತಪ್ಪದ ಕಾರಣ ಮಾತ್ರೆಯೂ ತಪ್ಪಿಲ್ಲ. ಶಿವರಾತ್ರಿಯಂದು ನೀರನ್ನೂ ಬಿಡುವ ಕಟ್ಟುನಿಟ್ಟಿನ ಉಪವಾಸವನ್ನು ಅವರು ಕೈಬಿಟ್ಟಿದ್ದಾರೆ. ಮೊಣಕಾಲು ನೋವಿಗೆ ಅಂಗಡಿಯಿಂದ ಮಾತ್ರೆ ತರಿಸುವ ರೂಢಿಯನ್ನೂ ಬಿಟ್ಟಿದ್ದಾರೆ. ಕೆಲವು ನೋವಿನ ಮಾತ್ರೆಗಳು ಬೈಪಾಸ್ ಆದವರ ಜಠರದಲ್ಲಿ ಹುಣ್ಣು ಮಾಡುತ್ತವೆ.

ಮೂರನೆಯ ದಿನ ರಾಣೆಬೆನ್ನೂರು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಸ್ಥಾಪಿತವಾದ ಅಭಯಾರಣ್ಯದಿಂದ ಈ ಊರು ಪ್ರಸಿದ್ಧ. ಹಾನಗಲ್ಲ ಕುಮಾರ ಶಿವಯೋಗಿಗಳು 1867ರಲ್ಲಿ ಜನಿಸಿದ ಜೋಯಿಸರ ಹರಳಹಳ್ಳಿಯು ಇದೇ ತಾಲ್ಲೂಕಿನದು. ಪೇಟೆಯ ಬಟ್ಟೆಯಂಗಡಿಯಲ್ಲಿ ಹಳೆಯ ಪರಿಚಯದ ಹೆಂಗಸೊಬ್ಬರು ತಾಯಿಯವರನ್ನು ಕಂಡು ಗಾಬರಿಗೊಂಡರು.

“ಯವ್ವಾ, ಏನಾತ್ರಿ ಅಕ್ಕಾರ? ಇಷ್ಟ್ಯಾಕ ಸೊರಗೀರಿ? ದೊಡ್ಡ ಬ್ಯಾನಿ ಏನರ ಬಂದೈತೇನು?”

ತಾಯಿಯವರು ನಕ್ಕು ಮಾತು ತೇಲಿಸಿದರು. ಹೊರಗೆ ಬಂದ ಮೇಲೆ ನಮ್ಮೊಡನೆ ಹೇಳಿದರು: “ದಪ್ಪ ಇದ್ದಾಗ ತಿಂತಾಳ ಅಂದ್ರು. ಈಗ ಸೊರಗ್ಯಾಳ ಅಂತಾರ. ಕೊಯ್ಸಿಕೊಂಡು ಸಣ್ಣಾದಳು, ಸುಲಭದ ದಾರಿ ಹಿಡಿದಳು ಅಂತಾರ. ಕನ್ನಡಿಯೊಳಗ ನೋಡಿಕೊಂಡರ ನಾನೇ ಹೌದೋ ಅಲ್ಲೋ ಅನಸ್ತೈತಿ.”

ಸುಲಭವೆಂಬ ಮಾತು ಸಲ್ಲದು. ಮೊದಲ ವರ್ಷ ಅವರ ಕೂದಲು ಹಿಡಿಹಿಡಿಯಾಗಿ ಉದುರಿತ್ತು. ಅದು ಮತ್ತೆ ಬಂದಿದೆ. ತೋಳು, ಹೊಟ್ಟೆಗಳ ಚರ್ಮ ಜೋತುಬಿದ್ದಿದೆ. ಬೇಸಿಗೆಯಲ್ಲಿ ಮಡಿಕೆಗಳಲ್ಲಿ ಬೆವರುಗುಳ್ಳೆ ಏಳುತ್ತವೆ. ಇದಕ್ಕೂ ಮಿಗಿಲಾದುದು ಮನಸ್ಸಿನ ಸಂಕಟ. ದುಃಖಕ್ಕೆ, ಬೇಸರಕ್ಕೆ, ಒಂಟಿತನಕ್ಕೆ ಇಷ್ಟು ವರ್ಷ ಊಟವೇ ಸಮಾಧಾನವಾಗಿತ್ತು. ಶಸ್ತ್ರಕ್ರಿಯೆಯು ಹೊಟ್ಟೆಯನ್ನು ಕಿರಿದು ಮಾಡಿತೇ ಹೊರತು ದುಃಖವನ್ನು ಕಿರಿದು ಮಾಡಲಿಲ್ಲ. ಒಂದೆರಡು ವರ್ಷಗಳ ನಂತರ ತೂಕವು ತುಸು ಮರಳುವುದು ಸಹಜವಾದರೂ ಆ ಭಯವೇ ಕೆಲವರ ನಿದ್ರೆ ಕೆಡಿಸುತ್ತದೆ. ಗಂಡಸರಲ್ಲಿ ಕೆಲವರು ಮದ್ಯದ ಕಡೆಗೆ ತಿರುಗುವುದುಂಟು. ಬೈಪಾಸ್ ಆದವರಿಗೆ ಅದು ಬೇಗನೆ ತಲೆಗೇರುತ್ತದೆ. ಖಿನ್ನತೆ ಕಂಡರೆ ಮನೋವೈದ್ಯರ ಬಳಿ ಹೋಗಲು ನಾಚಬಾರದು. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕನ್ನಡದಲ್ಲಿಯೇ ಮಾತನಾಡಬಹುದು.

ಅಂದು ಸಂಜೆ ಚೌಡಯ್ಯದಾನಪುರಕ್ಕೆ ಹೋದೆವು. ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತ ಈ ಊರು ತುಂಗಭದ್ರೆಯ ದಂಡೆಯ ಮೇಲಿದೆ. ಮುಕ್ತೇಶ್ವರ ದೇವಾಲಯದ ಕಲ್ಲಿನ ಕುಸುರಿ ನೋಡಿ ಮುಗಿಯುವಂಥದಲ್ಲ. ತಾಯಿಯವರು ಯಾರ ಕೈಯನ್ನೂ ಹಿಡಿಯದೆ ಹೊಳೆಯ ಅಂಚಿನವರೆಗೆ ಇಳಿದು, ನೀರು ಮುಟ್ಟಿ, ಹಾಗೆಯೇ ಮೇಲೇರಿ ಬಂದರು. ಎರಡು ವರ್ಷಗಳ ಹಿಂದೆ ಮನೆಯ ಮೆಟ್ಟಿಲು ಹತ್ತಲೂ ಅವರು ಏದುಸಿರು ಬಿಡುತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿಯೂ ಈಗ ಒಂದೇ ಉಳಿದಿದೆ. ಪಟ್ಟ ಕಷ್ಟಕ್ಕೆ ಫಲವಿಲ್ಲವೆನ್ನಲಾಗದು.

ಇಂಥವರು ಈಗ ನಮ್ಮ ಊರುಗಳಲ್ಲಿಯೂ ಇದ್ದಾರೆ. ಹಲವರು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಗೃಹಿಣಿಯರಲ್ಲಿ, ದಾಸೋಹದ ಸೇವಕರಲ್ಲಿ ನಮ್ಮ ವಿನಂತಿ ಇಷ್ಟೇ. ಕೇಳಿ ಬಡಿಸಿರಿ. ಸಾಕೆಂದ ಕೈಯನ್ನು ಮನ್ನಿಸಿರಿ. ಸೊರಗಿದ ಕಾರಣವನ್ನು ನಾಲ್ಕು ಜನರ ಮುಂದೆ ಕೆದಕಬೇಡಿರಿ. ಎಡೆಬಿಡದೆ ವಾಂತಿಯಾಗುತ್ತಿದ್ದರೆ, ಕಾಲು ಜೋಮು ಹಿಡಿದು ದೃಷ್ಟಿ ಮಸುಕಾದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶರೀರವನ್ನು ಶಿವನ ಮನೆಯೆಂದು ಬಗೆದ ಪರಂಪರೆ ನಮ್ಮದು. ಆ ಮನೆಯನ್ನು ಪ್ರಯಾಸದಿಂದ ದುರಸ್ತಿ ಮಾಡಿಕೊಂಡವರಿಗೆ ನಮ್ಮ ಪಂಕ್ತಿಯಲ್ಲಿ ಹಿಡಿ ಪ್ರಸಾದವೂ ಪೂರ್ಣ ಗೌರವವೂ ದೊರೆಯಲಿ.