ಎರಡು ನದಿಗಳ ನಡುವಣ ಕಲ್ಯಾಣ

ಕಲಬುರಗಿಯಿಂದ ಉತ್ತರಾಭಿಮುಖವಾಗಿ ಹೊರಟ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಎರೆಹೊಲಗಳ ಅಖಂಡವಾದ ಕಪ್ಪು. ಹುಮನಾಬಾದ್ ಸಮೀಪಿಸಿದಂತೆ ದಾರಿ ಎತ್ತರಕ್ಕೇರುತ್ತದೆ. ಕಪ್ಪಿನ ನಡುವೆ ಅಲ್ಲಲ್ಲಿ ಕುಂಕುಮ ಚೆಲ್ಲಿದಂತೆ ಕೆಂಪು ನೆಲ ತಲೆದೋರುತ್ತದೆ. ವೀರಭದ್ರೇಶ್ವರನ ಜಾತ್ರೆಗೂ ಮಾಣಿಕಪ್ರಭುಗಳ ಸನ್ನಿಧಿಗೂ ಹುಮನಾಬಾದಿಗೆ ಬರುವವರು ಬಹಳ. ಶರಣರ ನೆನಪನ್ನರಸಿ ಅಲ್ಲಿಂದ ಪಶ್ಚಿಮದ ಬಸವಕಲ್ಯಾಣಕ್ಕೆ ಹೋಗುವವರೂ ಬಹಳ. ಅವರೆಲ್ಲ ತುಳಿದು ನಡೆಯುವ ಈ ಎರಡು ಬಣ್ಣದ ನೆಲದ ಕಥೆ ಚಾಲುಕ್ಯರಿಗಿಂತಲೂ ಶರಣರಿಗಿಂತಲೂ ಬಹು ಪುರಾತನವಾದುದು. ಇಲ್ಲಿಯ ಬಾವಿಗಳಲ್ಲಿ ನೀರಿರುವುದೂ ಇಲ್ಲದಿರುವುದೂ ಇಂದಿಗೂ ಆ ಕಥೆಯನ್ನೇ ಅವಲಂಬಿಸಿದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಶಿಲಾರಸವು ಉಕ್ಕಿ ಹರಿಯಿತು. ಒಂದು ಹರಿವು ಆರಿ ಕಲ್ಲಾದ ಮೇಲೆ ಅದರ ಬೆನ್ನಿನ ಮೇಲೆ ಮತ್ತೊಂದು. ಹೀಗೆ ಪದರದ ಮೇಲೆ ಪದರ ಬೆಳೆಯಿತು. ಇಂದು ಈ ಕಪ್ಪು ಶಿಲೆ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಪದರಗಳ ಅಂಚು ಸವೆದು, ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಇದಕ್ಕೆ ‘ದಖ್ಖನ್ ಟ್ರ್ಯಾಪ್’ ಎಂಬ ಹೆಸರು ಬಂದಿತು. ಸ್ವೀಡನ್ನಿನ ಭಾಷೆಯಲ್ಲಿ ‘ಟ್ರಾಪ್ಪಾ’ ಎಂದರೆ ಮೆಟ್ಟಿಲು. ಬಸವಕಲ್ಯಾಣದ ಕೋಟೆಯ ಗೋಡೆಗಳು ಎದ್ದಿರುವುದೂ ಈ ಕಲ್ಲಿನಿಂದಲೇ. ಇದು ಪುಡಿಯಾಗಿ ಎರೆಮಣ್ಣಾದಲ್ಲಿ ತೊಗರಿ, ಉದ್ದು, ಜೋಳ ಹುಲುಸಾಗಿ ಬೆಳೆಯುತ್ತವೆ.

ಎತ್ತರದ ಜಾಗಗಳಲ್ಲಿ ಇದೇ ಶಿಲೆ ಯುಗಯುಗಗಳ ಮಳೆ ಬಿಸಿಲಿಗೆ ಸಿಕ್ಕಿ ಬೇರೆ ರೂಪ ತಾಳಿತು. ಉಳಿದ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಮಾತ್ರ ಗಟ್ಟಿಯಾಗಿ ನಿಂತವು. ತುಕ್ಕಿನ ಬಣ್ಣದ, ತೂತುತೂತಾದ ಆ ಕಲ್ಲೇ ಜಂಬಿಟ್ಟಿಗೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಕೊಟ್ಟ ‘ಲ್ಯಾಟರೈಟ್’ ಎಂಬ ಹೆಸರಿಗೂ ಲ್ಯಾಟಿನ್ ಭಾಷೆಯ ಇಟ್ಟಿಗೆಯೇ ಮೂಲ! ಹುಮನಾಬಾದ್ ಮತ್ತು ಬೀದರ್ ತಾಲ್ಲೂಕುಗಳಲ್ಲಿ ಸಮುದ್ರಮಟ್ಟದಿಂದ 620ರಿಂದ 640 ಮೀಟರ್ ಎತ್ತರದಲ್ಲಿ ಈ ಕೆಂಪು ಪ್ರಸ್ಥಭೂಮಿ ಹರಡಿದೆ. ಬಸವಕಲ್ಯಾಣದ ದಕ್ಷಿಣಕ್ಕೆ ಸುಮಾರು 3 ಕಿಲೋಮೀಟರ್ ದೂರದಲ್ಲಿ ಬಾಕ್ಸೈಟ್ ಅದಿರೂ ಉಂಟು.

ಈ ಎತ್ತರವೇ ಮಳೆಯನ್ನು ಪಾಲು ಮಾಡುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಚುಳಕಿನಾಲಾದ ನೀರು ಮಾಂಜ್ರಾ ನದಿಯ ದಾರಿ ಹಿಡಿದು ಗೋದಾವರಿಗೆ ಸೇರುತ್ತದೆ. ಅದೇ ತಾಲ್ಲೂಕಿನ ಮುಲ್ಲಾಮಾರಿಯ ನೀರು ಕಾಗಿಣಾ, ಭೀಮೆಯರನ್ನು ಕೂಡಿ ಕೃಷ್ಣೆಯ ಪಾಲಾಗುತ್ತದೆ. ಬೀದರ್ ಜಿಲ್ಲೆಯಲ್ಲಿ ಸುಮಾರು 4,411 ಚದರ ಕಿಲೋಮೀಟರ್ ನೆಲ ಗೋದಾವರಿಗೆ ಸೇರಿದ್ದರೆ, ಕೃಷ್ಣೆಗೆ ಸೇರಿದ್ದು ಕೇವಲ 585. ಅಕ್ಕಪಕ್ಕದ ಹೊಲಗಳಲ್ಲಿ ಬಿದ್ದ ಹನಿಗಳು ಇಲ್ಲಿ ಅಗಲಿದರೆ, ಮತ್ತೆ ಒಂದಾಗುವುದು ಬಂಗಾಳಕೊಲ್ಲಿಯಲ್ಲಿಯೇ.

ನದಿಗಳಿಗೆ ನೀರು ಕೊಡುವ ಈ ಎತ್ತರದ ನೆಲಕ್ಕೆ ನೀರು ತಂದುಕೊಡುವ ನದಿ ಮಾತ್ರ ಇಲ್ಲ. ಆಕಾಶದಿಂದ ಬಿದ್ದುದಷ್ಟೇ ಇದರ ಸಂಪತ್ತು. ಜಂಬಿಟ್ಟಿಗೆಯು ಮಳೆಯನ್ನು ಹೀರಿ, ಕೆಳಗಿನ ಜೇಡಿಯ ಪದರದವರೆಗೆ ಇಳಿಸಿ, ಒರತೆಯಾಗಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದವೆಂದು ಹೇಳಲಾಗುವ ಸುರಂಗ ಬಾವಿಗಳು ಈ ಗುಣವನ್ನರಿತೇ ತೋಡಿದಂಥವು. ಕಪ್ಪು ಶಿಲೆಯಾದರೋ ಜಿಪುಣ. ಅದರ ಬಿರುಕುಗಳಲ್ಲಿ ಮಾತ್ರ ನೀರು. ಒಬ್ಬ ರೈತನ ಬಾವಿ ತುಂಬಿದ್ದರೆ, ಬದುವಿನಾಚೆಯವನು ಸಾಲ ತಂದು ಕೊರೆಸಿದ ಕೊಳವೆಬಾವಿಯಲ್ಲಿ ಬರಿಯ ಕಲ್ಲುಪುಡಿ. 2016ರ ಬೇಸಗೆಯಲ್ಲಿ ಜಿಲ್ಲೆಗೆ ಜಿಲ್ಲೆಯೇ ನೀರಿಗಾಗಿ ಪರಿತಪಿಸಿತು.

ಕೆಂಪು ದಿಣ್ಣೆಯನ್ನು ಬಂಜರೆಂದು ಬಗೆದು ಅಗೆದು ಹಾಕಿದರೆ, ಕಳೆದುಹೋಗುವುದು ಮಣ್ಣಷ್ಟೇ ಅಲ್ಲ, ಊರಿನ ನೀರಿನ ಕಣಜ. ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ನಿಂತ ಯಾತ್ರಿಕನು, ಶರಣರನ್ನು ನೆನೆದ ಮೇಲೆ, ಈ ನೀರನ್ನು ಹಿಡಿದಿಟ್ಟ ನೆಲವನ್ನೂ ಒಮ್ಮೆ ನೆನೆಯುವುದು ಉಚಿತ.